ಬಾಡಿಗೆ ಮನೆಯ ಫೋನು, ಬೇಲಿ ಇಲ್ಲದ ಫೋನು

ನಮ್ಮ ಬಾವ ಎದುರಿಗೆ ಬಂದರೆ ಕುಂದಾಪುರದ ಜನ ಮೊದಲು ಮಾಡುವ ಕೆಲಸವೆಂದರೆ ಕೈಯಲ್ಲಿದ್ದ ಫೋನನ್ನು ಕಿಸೆಗೆ ಇಳಿಸಿಕೊಳ್ಳುವುದು! ಹಾಗಂತ ಅವರೇನು ಕಳ್ಳರಲ್ಲ. ಕಡಲ ದಂಡೆಯ ಕೋಡಿಗೆ ಹೋಗುವ ರಸ್ತೆಯಲ್ಲಿ ಬಲೆ, ಹಗ್ಗ, ಬಲೆಗೆ ಕಟ್ಟುವ ಬೆಂಡು ಮಾರುವ ಮರ್ಯಾದಸ್ಥ ವ್ಯಾಪಾರಿ. ಬಿಳಿ ಅಂಗಿ, ಬಿಳಿ ಪಂಚೆ, ತುಟಿಯನ್ನು ಪೂರ್ತಿ ಮುಚ್ಚಿಬಿಟ್ಟ ದಪ್ಪ ಮೀಸೆ. ಆದರೆ ಫೋನು ಕಂಡರೆ ಅವರ ಕೈ ತಾನಾಗಿ ಮುಂದೆ ಹೋಗುತ್ತಿತ್ತು. "ಹ್ವಾಯ್, ನಿಮ್ದ್ ಎಂತ ಫೋನ್? ಒಂಚೂರ್ ಕೊಡಿ, ಕಾಂಬ" ಎಂದರೆಂದರೆ ಆ ಫೋನಿನ ಕತೆ ಮುಗಿಯಿತು. ಹತ್ತಿರ ಹಿಡಿದು, ದೂರ ಹಿಡಿದು, ಬಿಸಿಲಿಗೆ ಒಡ್ಡಿ, ನೆರಳಿಗೆ ತಂದು, ತಿರುಗಿಸಿ ಮಗುಚಿ ನೋಡದೆ ವಾಪಸ್ ಕೊಡುವವರಲ್ಲ.

ಒಂದು ಸಲ ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಫೋನು ಇಸಕೊಂಡರಂತೆ. ಆ ಪುಣ್ಯಾತ್ಮರು ಇಳಿಯಬೇಕಾದದ್ದು ಕೋಟದಲ್ಲಿ. ಬಾವನ ಪರೀಕ್ಷೆ ಮುಗಿಯದೆ ಇಳಿಯುವುದು ಹೇಗೆ? ಫೋನಿನ ಹಿಂದೆಯೇ ಬ್ರಹ್ಮಾವರದವರೆಗೂ ಬಂದು, ಕೊನೆಗೆ ಅಲ್ಲಿನ ನಮ್ಮ ಮನೆಯಲ್ಲೇ ಕಾಫಿ ಕುಡಿದು ಹೋದರು! "ಪರ್ವಾಗಿಲ್ಲೆ ಮಾರಾಯ್ರೆ, ಹಿಂದ್ ಹೋಪುಕೆ ಬಸ್ಸ್ ಬೇಕಾದಷ್ಟ್ ಇತ್ತ್" ಎಂದು ಬಾವ ಅವರಿಗೇ ಸಮಾಧಾನ ಹೇಳಿ ಕಳಿಸಿದರು.

ಇಷ್ಟೆಲ್ಲ ಮಾಡುವವರ ಕಿಸೆಯಲ್ಲಿ ಆಗ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು ಎಂದರೆ ನಂಬುತ್ತೀರಾ? ನಂಬಲೇಬೇಕು. ಯಾಕೆಂದರೆ ಬಾವ ಫೋನು ಹುಡುಕುತ್ತಿದ್ದದ್ದು ತಮಗಲ್ಲ, ನನ್ನ ಅಕ್ಕನಿಗೆ.

ಅಕ್ಕನನ್ನು ಪರಿಚಯಿಸಿಬಿಡುತ್ತೇನೆ. ಬಾವನಿಗೆ ಕತೆ ಹೇಳುವ ಚಟ. ಆ ಕತೆಗಳಿಗೆ ನಗುವ ಚಟ ಇದ್ದದ್ದು ಈ ಪ್ರಪಂಚದಲ್ಲಿ ಅಕ್ಕ ಒಬ್ಬಳಿಗೇ! ಉಳಿದ ನಾವೆಲ್ಲ ಆಕಳಿಸುತ್ತ ಚಪ್ಪಲಿ ಹುಡುಕುವ ಹೊತ್ತಿಗೆ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕುಲುಕುಲು ನಗುತ್ತಿದ್ದಳು. ನಗು ಬರುವ ಜಾಗ ಇನ್ನೂ ದೂರ ಇರುವಾಗಲೇ ನಕ್ಕುಬಿಡುತ್ತಿದ್ದಳು. ಹೇಳಿ ಹೇಳಿ ಸವೆದುಹೋದ ಕತೆಗೂ ಅದೇ ನಗು. ನಮ್ಮ ಬಾವ ಇಷ್ಟು ವರ್ಷ ಹೊಸ ಕತೆ ಕಲಿಯದೆ ಉಳಿದದ್ದಕ್ಕೆ ನನ್ನ ಪ್ರಕಾರ ಅಕ್ಕನೇ ಹೊಣೆ.

ಅಂಥ ಅಕ್ಕನ ಕಿವಿ ಮಂದವಾಗುತ್ತ ಬಂತು. ಕುಂದಾಪುರದ ಡಾಕ್ಟರರು ಪರೀಕ್ಷೆ ಮಾಡಿ, "ಶಬ್ದ ಕೇಳುತ್ತದೆ, ಮಾತು ಬಿಡಿಸಿ ಕೇಳುವುದಿಲ್ಲ" ಎಂದರು. ಕಿವಿಗೆ ಯಂತ್ರ ಹಾಕಿಸಿ ನೋಡಿದ್ದಾಯಿತು. ಮಿಕ್ಸಿ ತಿರುಗಿಸಿದರೆ ಲಾರಿ ಬಂದ ಹಾಗೆ, ಒಗ್ಗರಣೆ ಹಾಕಿದರೆ ಗರ್ನಾಲು ಸಿಡಿದ ಹಾಗೆ. ಆದರೆ ಗಂಡನ ಮಾತು ಮಾತ್ರ ಮೊದಲಿನ ಹಾಗೆಯೇ ಬರೀ ಗುಂಯ್ ಗುಂಯ್! ತುಟಿ ನೋಡಿ ತಿಳಿದುಕೊಳ್ಳೋಣವೆಂದರೆ ಆ ಮೀಸೆ. ಮೊದಮೊದಲು ಅಕ್ಕ ನಾವು ನಕ್ಕಾಗ ನಮ್ಮ ಮುಖ ನೋಡಿ ತಾನೂ ನಗುತ್ತಿದ್ದಳು. ಆಮೇಲೆ ಅದನ್ನೂ ಬಿಟ್ಟಳು. ನಾಲ್ಕು ಜನ ಸೇರಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಅವಳು ನಗುವುದು ನಿಂತ ಮೇಲೆ ಬಾವ ಕತೆ ಹೇಳುವುದನ್ನೂ ನಿಲ್ಲಿಸಿದರು. ಊರಿಗೇನೋ ಉಪಕಾರವೇ ಆಯಿತು ಅನ್ನಿ, ಆದರೆ ಆ ಮನೆಗೆ ಹೋಗಲು ನನಗೆ ಸಂಕಟವಾಗುತ್ತಿತ್ತು.

ಆಗ ಅದೇ ಡಾಕ್ಟರರು ಒಂದು ಮಾತು ಹೇಳಿದರು. "ಈಗ ನಾವು ಮಾತಾಡಿದ್ದನ್ನು ಆಗಿಂದಾಗಲೇ ಅಕ್ಷರ ಮಾಡಿ ತೋರಿಸುವ ಫೋನುಗಳಿವೆ. ನಿಮ್ಮ ಮನೆಯವರಿಗೆ ಓದಲು ಬರುತ್ತದಲ್ಲ? ಐಫೋನೋ, ಆಂಡ್ರಾಯ್ಡೋ, ಯಾವುದರಲ್ಲಿ ಚೆನ್ನಾಗಿದೆ ಅಂತ ಸ್ವಲ್ಪ ವಿಚಾರಿಸಿ."

ವಿಚಾರಿಸಿ! ಈ ಮಾತನ್ನು ಯಾರಿಗೆ ಬೇಕಾದರೂ ಹೇಳಬಹುದು, ನಮ್ಮ ಬಾವನಿಗೆ ಹೇಳಬಾರದು. ಹಗ್ಗ ತರಿಸುವಾಗಲೇ ಅದನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಬಿಸಿಲಿಗೆ ಒಣಗಿಸಿ, ಅಂಗಡಿ ಮುಂದಿನ ತೆಂಗಿನ ಮರಕ್ಕೆ ಕಟ್ಟಿ, ತಾವೇ ಜೋತುಬಿದ್ದು ನೋಡಿ ಆಮೇಲೆ ಮಾರುವ ಮನುಷ್ಯ ಅವರು. ಇನ್ನು ಹೆಂಡತಿಯ ಕಿವಿಯಾಗಬೇಕಾದ ಫೋನನ್ನು ಸುಮ್ಮನೆ ಬಿಡುತ್ತಾರೆಯೇ?

ಮೊದಲ ಬಲಿ ನನ್ನ ಐಫೋನು. ನಾನು ಅವರಿಗೆ ನಾದಿನಿ, ಸಲಿಗೆಯಿಂದ ಕರೆಯುವುದು 'ಹೆಣೆ' ಎಂದು. ಬ್ರಹ್ಮಾವರದ ನಮ್ಮ ಮನೆಗೆ ಬಂದವರೇ ಬಚ್ಚಲಿಗೆ ಹೋಗಿ ಕೈ ಒದ್ದೆ ಮಾಡಿಕೊಂಡು ಬಂದರು. ಅಕ್ಕ ದಿನವಿಡೀ ಮೀನು ತೊಳೆಯುವವಳು, ಒದ್ದೆ ಕೈಗೆ ಫೋನು ಬಗ್ಗುತ್ತದೋ ಇಲ್ಲವೋ ನೋಡಬೇಕಂತೆ. ಬಗ್ಗಲಿಲ್ಲ. ಅವರ ಒದ್ದೆ ಬೆರಳಿಗೆ ಅದು ಅತ್ತ ಹೋಗೆಂದರೆ ಇತ್ತ ಹೋಗುತ್ತಿತ್ತು. ಆಂಡ್ರಾಯ್ಡಿನದೂ ಅದೇ ಹಣೆಬರಹ ಎಂದು ಆಮೇಲೆ ಗೊತ್ತಾಯಿತು, ಆ ಮಾತು ಬೇರೆ. ಮರುದಿನ ನಡುಮಧ್ಯಾಹ್ನ ನನ್ನನ್ನು ಕೋಡಿ ಕಡಲ ದಂಡೆಗೆ ಕರೆದುಕೊಂಡು ಹೋಗಿ, ಸುಡುವ ಮರಳಿನ ಮೇಲೆ ನಿಲ್ಲಿಸಿ, "ಅಕ್ಷರ ಕಾಂತ್ತಾ ಹೆಣೆ?" ಎಂದು ಕೇಳಿದರು. "ಅಕ್ಷರ ಕಾಂತ್ತ್ ಬಾವ, ನನ್ ಕಾಲೇ ಕಾಂತಿಲ್ಲೆ, ಸುಟ್ಟ್ ಹೋಯ್ತ್!" ಎಂದೆ. ಐಫೋನಿಗೆ ಒಂದು ಅಂಕ ಕೊಟ್ಟರು. ನನ್ನ ಕಾಲಿಗೆ ಯಾರೂ ಏನೂ ಕೊಡಲಿಲ್ಲ. ಉಳಿದ ಪರೀಕ್ಷೆ ನಮ್ಮ ಮನೆಗೆ ವಾಪಸ್ ಬಂದ ಮೇಲೆ ನಡೆಯಿತು.

"ಇದ್ರಗೆ ಹಿಂದ್ ಹೋಪು ಬಟನ್ ಎಲ್ಲಿತ್ತ್?"

"ಬಟನ್ ಇಲ್ಲೆ ಬಾವ. ಬದಿಯಿಂದ ಬೆರಳ್ ಜಾರ್ಸಿ."

"ಒಳ್ಗ್ ಹೋಪುಕೆ ಬಾಗ್ಲ್ ಇತ್ತ್, ಹೊರ್ಗ್ ಬಪ್ಪುಕೆ ಗ್ವಾಡಿ ತಿಕ್ಕ್ಕಾ?"

ಗೋಡೆ ತಿಕ್ಕುವುದನ್ನಾದರೂ ಅವರು ಕಲಿತರು. ಆದರೆ ನನ್ನ ಫೋನಿನಲ್ಲಿ ಮಾತನ್ನು ಅಕ್ಷರ ಮಾಡುವ ವ್ಯವಸ್ಥೆಗೆ ಕನ್ನಡವೇ ಬರುತ್ತಿರಲಿಲ್ಲ. ಯಾರೋ ಪರಿಚಯದವರು ಕಳಿಸಿದ ಆ್ಯಪ್ ಒಂದನ್ನು ಅದರೊಳಗೆ ಹಾಕಿ ನೋಡೋಣವೆಂದರೆ, ಅದರದೇ ಅಂಗಡಿಯಿಂದ ಬಂದದ್ದಲ್ಲದೆ ಬೇರೆಯದನ್ನು ಅದು ಹೊಸಿಲು ದಾಟಲು ಬಿಡಲಿಲ್ಲ. ಬಾವ ಫೋನನ್ನು ನನ್ನ ಕೈಗಿಟ್ಟು ತೀರ್ಪು ಕೊಟ್ಟರು: "ಇದ್ ಬಾಡ್ಗಿ ಮನಿ ಹೆಣೆ. ಚೆಂದ ಇತ್ತ್, ಗಟ್ಟಿ ಇತ್ತ್, ಕಳ್ರ್ ಬತ್ತಿಲ್ಲೆ. ಆರೆ ಗ್ವಾಡಿಗೊಂದ್ ಮೊಳಿ ಹೊಡುಕೂ ಯಜಮಾನನ್ನ ಕೇಣ್ಕ್." ಇಷ್ಟು ಆಸೆಪಟ್ಟು ತೆಗೆಸಿಕೊಂಡ ಫೋನಿಗೆ ಹೀಗಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ನಾನು ಆವತ್ತು ಅವರಿಗೆ ಎರಡನೇ ಸಲ ಚಹಾ ಕೊಡಲಿಲ್ಲ.

ಮುಂದಿನ ಸರದಿ ನನ್ನ ಗಂಡನ ಆಂಡ್ರಾಯ್ಡಿನದು. ಅದು ಎಲ್ಲದಕ್ಕೂ ಹೂಂ ಅನ್ನುವ ಫೋನು. ಹೊರಗಿನ ಆ್ಯಪ್ ಹಾಕುತ್ತೀರಾ? ಅಪಾಯ ಇದೆ, ನಿಮ್ಮಿಷ್ಟ, ಹಾಕಿ! ಬಾವನಿಗೆ ಬಹಳ ಖುಷಿಯಾಯಿತು. ಬ್ಯಾಟರಿ ಲೈಟಿನದೊಂದು ಆ್ಯಪ್ ಎಲ್ಲಿಂದಲೋ ಇಳಿಸಿಕೊಂಡರು. ಅದು ಬಂದು ಕುಳಿತದ್ದೇ, ಫೋನಿನಲ್ಲಿರುವ ಎಲ್ಲರ ಹೆಸರು, ನಂಬರು ನೋಡಲು ಅಪ್ಪಣೆ ಕೊಡಿ ಎಂದಿತು. ಬಾವ ಹೌಹಾರಿದರು. "ಲೈಟ್ ಹೊತ್ಸುಕೆ ನಮ್ ನೆಂಟ್ರ್ ಹೆಸ್ರ್ ಎಂತಕ್ಕೆ? ಕತ್ಲಿ ಇಪ್ಪುದ್ ನಮ್ ಮನ್ಯಗಾ, ನೆಂಟ್ರ್ ಮನ್ಯಗಾ?" ಅದನ್ನು ತೆಗೆದುಹಾಕುವಷ್ಟರಲ್ಲಿ ಅದರ ಜೊತೆಗೆ ಬಂದ ಜಾಹೀರಾತುಗಳು ನನ್ನ ಗಂಡನ ಫೋನಿನ ತುಂಬ ಠಿಕಾಣಿ ಹೂಡಿದ್ದವು. "ಇದ್ ಸ್ವಂತ ಮನಿ ಹೌದ್" ಎಂದರು ಬಾವ ಸೋತ ಸ್ವರದಲ್ಲಿ, "ಆರೆ ಬೇಲಿ ಇಲ್ಲೆ. ಊರ್ ದನ ಎಲ್ಲ ಒಳ್ಗ್ ಬತ್ತ್." ನನಗೆ ಒಳಗೊಳಗೇ ಬಹಳ ಸಮಾಧಾನವಾಯಿತು.

ಹೋಗಲಿ, ಎರಡೂ ಫೋನುಗಳಲ್ಲಿ ಒಂದು ಸೌಲಭ್ಯವಂತೂ ಸಮವಾಗಿತ್ತು. ಕರೆ ಬಂದರೆ ಶಬ್ದದ ಬದಲು ಹಿಂದಿನ ಲೈಟು ಮಿಂಚುವ ಹಾಗೆ ಮಾಡಬಹುದು. ಕಿವಿ ಕೇಳದವರಿಗೆ ಒಳ್ಳೆಯದು ಎಂದು ಬಾವ ನನ್ನ ಫೋನನ್ನು ಅಕ್ಕನ ಎದುರಿಗಿಟ್ಟು ಪ್ರಯೋಗ ಮಾಡಿದರು. ಲೈಟು ಮಿಂಚಿತು. ಅಕ್ಕ ಕೂದಲು ಸರಿಮಾಡಿಕೊಂಡು, ಸೆರಗು ಎಳೆದುಕೊಂಡು, ನೆಟ್ಟಗೆ ಕುಳಿತಳು. ಮತ್ತೆ ಮಿಂಚಿತು. ಗಲ್ಲ ಸ್ವಲ್ಪ ಎತ್ತಿದಳು. ಫೋಟೋ ತೆಗೆಯುತ್ತಿದ್ದಾರೆಂದು ಅವಳ ಲೆಕ್ಕ! ಆವತ್ತು ನಾವಿಬ್ಬರೂ ಬಿದ್ದು ಬಿದ್ದು ನಕ್ಕೆವು. ಅಕ್ಕ ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿ, ಎದ್ದು ಒಳಗೆ ಹೋದಳು. ನಮ್ಮ ನಗು ಅಲ್ಲಿಗೇ ನಿಂತಿತು.

ಬಾವನ ಹಟ ಹೆಚ್ಚಾದದ್ದು ಆವತ್ತಿನಿಂದಲೇ. ಅದೇ ಹೊತ್ತಿಗೆ ಅವರ ಅಣ್ಣನ ಮಗನ ಮದುವೆ ಬಂತು. ಆ ಹುಡುಗನ ಕೈಯಲ್ಲಿ ಹೊಚ್ಚ ಹೊಸ ಐಫೋನು. ಹೊಸದರಲ್ಲಾದರೂ ಕನ್ನಡ ಬಂದಿರಬಹುದಲ್ಲ ಎಂದು ಬಾವನಿಗೆ ಅನ್ನಿಸಿದ್ದು ಯಾವಾಗ ಗೊತ್ತೇ? ಮದುಮಗ ಬಾಸಿಂಗ ಕಟ್ಟಿಕೊಂಡು ಮಂಟಪದಲ್ಲಿ ಕುಳಿತ ಮೇಲೆ! ಫೋನು ಮದುಮಗನ ಅಮ್ಮನ ಚೀಲದಲ್ಲಿ ಸಿಕ್ಕಿತು. ಆದರೆ ಅದರ ಬೀಗ ತೆರೆಯಬೇಕಾದರೆ ಯಜಮಾನನ ಮುಖವನ್ನೇ ತೋರಿಸಬೇಕು. ಬಾವ ಸೀದಾ ಮಂಟಪ ಹತ್ತಿ ಫೋನನ್ನು ಮದುಮಗನ ಮುಖಕ್ಕೆ ಹಿಡಿದರು. ಬಾಸಿಂಗ, ಅದರಿಂದ ಮೂಗಿನವರೆಗೂ ಇಳಿಬಿದ್ದ ಮಲ್ಲಿಗೆ, ಧೂಪದ ಹೊಗೆಗೆ ಮುಚ್ಚಿದ ಕಣ್ಣು. ಫೋನು ಬಾಗಿಲು ತೆರೆಯಲಿಲ್ಲ.

"ಬಾಸಿಂಗ ಒಂಚೂರ್ ಮೇಲ್ ಮಾಡ್ ಮಗಾ, ಫೋನಿಗೆ ನಿನ್ ಮೋರಿ ಗುರ್ತ ಸಿಕ್ತಿಲ್ಲೆ."

ಭಟ್ಟರು ಮಂತ್ರ ನಿಲ್ಲಿಸಿ ನೋಡಿದರು. ಹೆಣ್ಣಿನ ಅಪ್ಪ ಧಾರೆಯ ಚೆಂಬು ಹಿಡಿದುಕೊಂಡು ಕಾಯುತ್ತಿದ್ದಾರೆ. ಬಾವ ಅವರ ಕಡೆ ತಿರುಗಿ, "ಮದ್ಮಗ ಯಾರಂದೇಳಿ ಅವ್ನ್ ಫೋನಿಗೇ ಗೊತ್ತಿಲ್ಲೆ ಮಾರಾಯ್ರೆ. ನೀವ್ ಹೆಣ್ಣ್ ಕೊಡೂಕ್ ಹೊರ್ಟ್ರಿ!" ಎಂದುಬಿಟ್ಟರು. ಇಡೀ ಛತ್ರ ಘೊಳ್ಳೆಂದಿತು. ಮದುಮಗಳೂ ನಕ್ಕಳು. ಬಾವ ಮಾತ್ರ ಎಲ್ಲರ ತಲೆಯ ಮೇಲಿನಿಂದ ಹೆಂಗಸರ ಸಾಲಿನಲ್ಲಿ ಯಾರನ್ನೋ ಹುಡುಕಿದರು. ಅಕ್ಕ ತಾಂಬೂಲದ ಎಲೆ ಒರೆಸುತ್ತ ತಲೆ ತಗ್ಗಿಸಿ ಕುಳಿತಿದ್ದಳು. ಅಂದ ಹಾಗೆ, ಊಟವಾದ ಮೇಲೆ ಆ ಫೋನನ್ನೂ ತೆರೆದು ನೋಡಿದೆವು. ಅದರಲ್ಲೂ ನಮಗೆ ಕನ್ನಡ ಸಿಗಲಿಲ್ಲ.

ಕೊನೆಗೆ ಕುಂದಾಪುರದ ಫೋನ್ ಅಂಗಡಿಯವರೇ ದಾರಿ ತೋರಿಸಿದರು. ಆಂಡ್ರಾಯ್ಡಿನಲ್ಲಿ ಅಂಥದ್ದೊಂದು ಆ್ಯಪ್ ಇದೆ, ಅದರದೇ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ, ಕನ್ನಡವೂ ಬರುತ್ತದೆ! ಬಾವ ಕುರ್ಚಿಯ ತುದಿಗೆ ಬಂದು ಕುಳಿತು, ಗಂಟಲು ಸರಿ ಮಾಡಿಕೊಂಡು, ತಮ್ಮ ಶುದ್ಧ ಕುಂದಾಪ್ರ ಕನ್ನಡದಲ್ಲಿ ಬೆಳಿಗ್ಗೆಯಿಂದ ನಡೆದದ್ದನ್ನೆಲ್ಲ ಹೇಳಿದರು. ಪರದೆಯ ಮೇಲೆ ಬಂದದ್ದನ್ನು ನಾನು ಓದಿದೆ. ಒಂದು ಮಾತಿಗೂ ಇನ್ನೊಂದಕ್ಕೂ ಸಂಬಂಧ ಇರಲಿಲ್ಲ. ಅರ್ಧಕ್ಕರ್ಧ ಅದು ಬರೆಯುವ ಗೋಜಿಗೇ ಹೋಗಿರಲಿಲ್ಲ.

"ಅದ್ ಹಾಂಗಲ್ಲ" ಎಂದರು ಅಂಗಡಿಯವರು. "ನೀವ್ ಸಮ ಕನ್ನಡ ಮಾತಾಡಿ, ಬರೀತ್ತ್."

"ಹಂಗಾರೆ ನಾನ್ ಈಗ ಮಾತಾಡದ್ದ್ ಎಂತ, ಇಂಗ್ಲೀಷಾ?"

ಇಲ್ಲಿ ಒಂದು ವಿಷಯ ಹೇಳಲೇಬೇಕು. ಬಾವ ಶಾಲೆಗೆ ಹೋಗುತ್ತಿದ್ದಾಗ ಹೊರಗಿನಿಂದ ಬಂದ ಮೇಷ್ಟ್ರೊಬ್ಬರು, 'ಬರುತ್ತೇನೆ' ಎನ್ನುವ ಬದಲು 'ಬತ್ತೆ' ಅಂದದ್ದಕ್ಕೆ ಅವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರಂತೆ. ಇಡೀ ತರಗತಿ ನಕ್ಕಿತ್ತಂತೆ. ಆವತ್ತೇ ಬಾವ ಶಪಥ ಮಾಡಿದ್ದರು. ಅಂದಿನಿಂದ ಯಾವ ಆಫೀಸರ್ ಎದುರಿಗೂ, ಯಾವ ಸಭೆಯಲ್ಲೂ ಅವರ ಬಾಯಿಂದ ಪುಸ್ತಕದ ಕನ್ನಡ ಬಂದದ್ದಿಲ್ಲ. "ನನ್ ಬಾಯಗೆ ಪುಸ್ತಕದ ಕನ್ನಡ ಬಂದ್ ದಿನ ಸೂರ್ಯ ಕೋಡಿ ಕಡಲಗೆ ಹುಟ್ಟ್ತ" ಎನ್ನುತ್ತಿದ್ದರು. ನಮ್ಮ ಕಡಲು ಇರುವುದು ಪಡುವಣಕ್ಕೆ!

ಅಂಥವರಿಗೆ ಸಮ ಕನ್ನಡ ಮಾತಾಡಿ ಎಂದರೆ? ಬಾವ ಧಡಕ್ಕನೆ ಎದ್ದರು. "ನನ್ ಹೆಂಡ್ತಿ ಹತ್ರ ಮಾತಾಡುಕೆ ನಾನ್ ಬೇರೆ ಭಾಷಿ ಕಲಿಕಾ?" ಎಂದು ಮೆಟ್ಟಿಲಿಳಿದು ಹೋಗಿಯೇಬಿಟ್ಟರು. ನಾನು ಹಿಂದೆ ಓಡಿದೆ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕುಳಿತು ಬಹಳ ಹೊತ್ತು ಕೋಡಿ ಕಡೆಗೆ ಹೋಗುವ ಬಸ್ಸುಗಳನ್ನು ನೋಡಿದರು. ಹತ್ತಲಿಲ್ಲ. ಆಮೇಲೆ ಎದ್ದು, ಪಂಚೆ ಕೊಡವಿಕೊಂಡು, ವಾಪಸ್ ಅಂಗಡಿಗೆ ಹೋಗಿ, "ಕೊಡಿ ಮಾರಾಯ್ರೆ ಅದೇ ಫೋನ್" ಎಂದರು.

ಮಾರನೇ ವಾರ ನಾನು ಕೋಡಿಗೆ ಹೋದಾಗ ಅವರ ಮನೆಯ ಕಟ್ಟೆಯ ಹತ್ತಿರ ಅಕ್ಕಪಕ್ಕದವರು ಗುಂಪು ಕಟ್ಟಿ, ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದರು. ಏನೋ ಅನಾಹುತವಾಯಿತೆಂದು ಬೇಗ ಬೇಗ ಹೆಜ್ಜೆ ಹಾಕಿದೆ. ಒಳಗಿನಿಂದ ಬಾವನ ಧ್ವನಿ ಕೇಳಿಸಿತು:

"ಇಂದಿನ ಮೀನಿನ ಸಾರಿಗೆ ಬಂಗುಡೆಯನ್ನು ತರಲೇ ಅಥವಾ ಬೂತಾಯಿಯನ್ನು ತರಲೇ? ನೀನು ಹೇಳಿದಂತೆ ಮಾಡುತ್ತೇನೆ!"

ಕೋಡಿ ಕಡಲಿನಲ್ಲಿ ಸೂರ್ಯ ಹುಟ್ಟಿಬಿಟ್ಟಿದ್ದ!

ಒಳಗೆ ಹೋಗಿ ನೋಡಿದರೆ ಅಕ್ಕ ಫೋನನ್ನು ಮುಖದ ಹತ್ತಿರ ಹಿಡಿದು ಓದುತ್ತಿದ್ದಾಳೆ. ಬಾವ ವಾರ್ತೆ ಓದುವವರ ಹಾಗೆ ಬೆನ್ನು ನೆಟ್ಟಗೆ ಮಾಡಿ, ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ ಉದುರಿಸುತ್ತಿದ್ದಾರೆ, ಹಣೆಯಲ್ಲಿ ಬೆವರು! "ಬೂತಾಯಿಯೇ ತನ್ನಿ" ಎಂದಳು ಅಕ್ಕ. ಬಾವ ಎರಡೂ ಕೈ ಮೇಲೆತ್ತಿ, ದೋಣಿ ಪಂದ್ಯ ಗೆದ್ದವರ ಹಾಗೆ ಅಂಗಳಕ್ಕೆ ಬಂದರು. ಎಷ್ಟೋ ತಿಂಗಳ ಮೇಲೆ ಆ ಮನೆಯಲ್ಲಿ ಒಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿತ್ತು.

ಆಮೇಲೆ ಊರವರ ಬಾಯಿಗೆ ಬೀಗ ಹಾಕುವವರು ಯಾರು? ಅಂಗಡಿಗೆ ಬಲೆ ಕೊಳ್ಳಲು ಬಂದವರೆಲ್ಲ ಕೈಮುಗಿದು, "ಮಹಾಪ್ರಭುಗಳೇ, ಒಂದು ಕಟ್ಟು ಹಗ್ಗವನ್ನು ದಯಪಾಲಿಸಬೇಕು" ಎನ್ನತೊಡಗಿದರು. ಬಾವ ಅವರಿಗೆ ಖಡಕ್ ಕುಂದಾಪ್ರ ಕನ್ನಡದಲ್ಲೇ ಮಂಗಳಾರತಿ ಮಾಡುತ್ತಿದ್ದರು. ಪುಸ್ತಕದ ಕನ್ನಡ ಏನಿದ್ದರೂ ಅಕ್ಕನ ಫೋನಿನ ಎದುರಿಗೆ ಮಾತ್ರ! ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ಪೇಪರನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದರು. "ಜನ ನಗಾಡ್ತ್ರ್ ಬಾವ" ಎಂದೆ ನಾನೊಮ್ಮೆ. "ನಗಾಡ್ಲಿ ಹೆಣೆ. ನಂಗ್ ಬೇಕಾದ್ ನಗಿ ಇನ್ನೂ ಬರ್ಲಿಲ್ಲೆ" ಎಂದರು.

ಹೌದಲ್ಲ! ಅಕ್ಕ ಉತ್ತರ ಕೊಡುತ್ತಿದ್ದಳು, ಮಾತಾಡುತ್ತಿದ್ದಳು, ಎದುರಿಗೆ ಕೂರುತ್ತಿದ್ದಳು. ನಗು ಮಾತ್ರ ಬಂದಿರಲಿಲ್ಲ.

ಬ್ರಹ್ಮಾವರದ ನಮ್ಮ ಹೊಸ ಮನೆಯ ಒಕ್ಕಲಿನ, ಅಂದರೆ ಗೃಹಪ್ರವೇಶದ ದಿನ ಊಟ ಮುಗಿದು ಎಲ್ಲರೂ ಚಾವಡಿಯಲ್ಲಿ ಕುಳಿತಿದ್ದೆವು. ಅಕ್ಕ ತೊಡೆಯ ಮೇಲೆ ಫೋನಿಟ್ಟುಕೊಂಡು ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ಬಾವ ಎದ್ದು ನಿಂತು ಮೀಸೆ ನೀವಿಕೊಂಡರು. ನಮಗೆಲ್ಲ ಗೊತ್ತಾಯಿತು, ಕುರ್ಚಿಯ ಕತೆ! ಬಾವ ಅಕ್ಕನನ್ನು ನೋಡಲು ನಮ್ಮ ತವರುಮನೆಗೆ ಬಂದಾಗ ಕುರ್ಚಿಯ ಮೊಳೆಗೆ ಅವರ ಪಂಚೆ ಸಿಕ್ಕಿಕೊಂಡಿತ್ತು. ಎದ್ದರೆ ಮಾನ ಹೋಗುತ್ತದೆಂದು ಅವರು ಏಳಲೇ ಇಲ್ಲ. ಹುಡುಗಿ ಅಷ್ಟು ಹಿಡಿಸಿದ್ದಾಳೆಂದು ಹಿರಿಯರು ಅಲ್ಲೇ ತಾಂಬೂಲ ಬದಲಾಯಿಸಿಬಿಟ್ಟಿದ್ದರು. ಈ ಕತೆ ಕೇಳದವರು ನಮ್ಮ ಬಳಗದಲ್ಲಿ ಯಾರೂ ಇಲ್ಲ. ಆದರೆ ಈ ಸಲ ಅದು ಬಂದದ್ದು ಬೇರೆ ವೇಷದಲ್ಲಿ.

"ಮಹನೀಯರೇ! ನಾನು ಅಂದು ಶುಭ್ರವಾದ ಪಂಚೆಯನ್ನು ಉಟ್ಟುಕೊಂಡು ಇವರ ಮನೆಗೆ ಆಗಮಿಸಿದೆನು. ಆ ಮನೆಯಲ್ಲಿ ಒಂದು ಮರದ ಕುರ್ಚಿಯಿತ್ತು..."

ನೆಂಟರು ಹೊಟ್ಟೆ ಹಿಡಿದುಕೊಂಡರು. ಆಗಮಿಸಿದೆನು! ಬಾವನ ಬಾಯಲ್ಲಿ ಆಗಮಿಸಿದೆನು! ಬಾವ ಯಾರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಕಣ್ಣು ಇದ್ದದ್ದು ಅಕ್ಕನ ಮೇಲೆ. ಅವಳು ತಲೆ ಬಗ್ಗಿಸಿ ಓದುತ್ತಿದ್ದಾಳೆ. ಮರದ ಕುರ್ಚಿ ಪರದೆಯ ಮೇಲೆ ಬಂದಿರಬೇಕು. ಮೊಳೆ ಇನ್ನೂ ಬಂದಿರಲಿಲ್ಲ, ಪಂಚೆ ಇನ್ನೂ ಸಿಕ್ಕಿಕೊಂಡಿರಲಿಲ್ಲ. ಅಕ್ಕನ ಭುಜ ಮೆಲ್ಲಗೆ ಅಲುಗಿತು. ಸೆರಗು ಬಾಯಿಗೆ ಹೋಯಿತು. ಆಮೇಲೆ ಆ ನಗು, ಕುಲುಕುಲು ಎಂದು, ಮೊದಲಿನ ಹಾಗೆಯೇ, ಎಲ್ಲರಿಗಿಂತ ಮೊದಲು, ಇನ್ನೂ ನಗುವ ಜಾಗ ಬರುವ ಮೊದಲು!

ಗೆದ್ದರು ನಮ್ಮ ಬಾವ! ಕತೆಯನ್ನು ಅಲ್ಲಿಗೇ ಬಿಟ್ಟು ಧೊಪ್ಪನೆ ಕುಳಿತು ಹೆಗಲ ಮೇಲಿನ ಬೈರಾಸಿನಿಂದ ಮುಖ ಒರೆಸಿಕೊಂಡರು. ಯಾರೋ ಚಪ್ಪಾಳೆ ತಟ್ಟಿದರು. ನನ್ನ ಐಫೋನು ಸೋತದ್ದಕ್ಕೆ ಆ ಕ್ಷಣ ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.

ನೆಂಟರೆಲ್ಲ ಹೊರಟ ಮೇಲೆ ಅಕ್ಕ ಅಡುಗೆಮನೆಗೆ ಬಂದು ನನ್ನ ಹತ್ತಿರ ಕುಳಿತಳು. ಫೋನನ್ನು ಸೆರಗಿನಿಂದ ಒರೆಸುತ್ತ, ಗುಟ್ಟು ಹೇಳುವವಳ ಹಾಗೆ ಹೇಳಿದಳು:

"ಕಾಣ್ ಹೆಣೆ, ಈ ಫೋನ್ ಒಳ್ಳೇದೇ. ಆರೆ ಇದ್ಕೆ ನಮ್ ಭಾಷಿ ಬತ್ತಿಲ್ಲೆ. ಅವ್ರ್ ಎಂತ ಹೇಳ್ರೂ ಇದ್ ಪುಸ್ತ್ಕದ್ ಕನ್ನಡ ಮಾಡಿ ಬರೀತ್ತ್. 'ಊಟಕ್ಕೆ ಬರುತ್ತೇನೆ' ಅಂದೇಳಿ ಬರೀತ್ತ್. ಅವ್ರ್ ಸತ್ರೂ ಹಾಂಗ್ ಹೇಳುವರಾ? 'ಬತ್ತೆ' ಅಂದೇ ಹೇಳಿರ್ತ್ರ್. ನಾನ್ ಓದ್ತಾ ಓದ್ತಾ ವಾಪಾಸ್ ನಮ್ ಭಾಷಿಗೆ ತಿರ್ಗ್ಸ್ಕಂತೆ. ಆಗ ನಂಗೆ ಅವ್ರ್ ಸ್ವರವೇ ಕೇಂತ್ತ್."

ನಾನು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟೆ. ಊರಿಗೆ ಊರೇ ನಗುತ್ತಿದ್ದ ಬಾವನ ಪುಸ್ತಕದ ಕನ್ನಡ ಯಾರಿಗಾಗಿ ನಡೆಯುತ್ತಿತ್ತೋ ಅವಳೊಬ್ಬಳಿಗೇ ಅದು ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವಳಿಗೆ ಕೇಳುವುದು ಬರೀ ಗುಂಯ್ ಎನ್ನುವ ಶಬ್ದ, ಕಾಣುವುದು ಬರೀ ಮೀಸೆ. ಈ ಯೋಚನೆ ನಮಗೆ ಯಾರಿಗೂ ಹೊಳೆದಿರಲಿಲ್ಲ. ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಬಾಗಿಲಲ್ಲಿ ಪಾಯಸದ ಲೋಟ ಹಿಡಿದುಕೊಂಡು ಬಾವ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಬೇಡ ಎನ್ನುವ ಹಾಗೆ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದರು. ನನ್ನ ಕಣ್ಣು ತುಂಬಿ ಬಂತು.

ಬಾವ ಮೆಲ್ಲಗೆ ಬಂದು, ಲೋಟವನ್ನು ಅಕ್ಕನ ಕೈಗಿಟ್ಟು, ಫೋನಿನ ಹತ್ತಿರ ಬಗ್ಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು:

"ಹೌದು. ಈ ಫೋನಿಗೆ ನಮ್ಮ ಭಾಷೆ ಬರುವುದಿಲ್ಲ."

ಅಕ್ಕ ಓದಿದಳು. "ಕಂಡ್ಯಾ ಹೆಣೆ!" ಎಂದು ಫೋನನ್ನು ನನ್ನ ಮುಖಕ್ಕೆ ಹಿಡಿದಳು. "ಇದ್ನೂ ಹ್ಯಾಂಗ್ ಬರ್ದಿತ್ ಕಾಣ್!" ಎಂದವಳೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗತೊಡಗಿದಳು.